ಜವರನ ನೆಮ್ಮದಿ ಸಮೀಕ್ಷೆ

ಎಲೆ-ಅಡಿಕೆ ಹಾಕ್ಕೊಂಡಿರೋರು ಉಗಿದು ಬಂದು ಕೂತ್ಕೊಳ್ಳಿ. ಕತೆ ಮಧ್ಯೆ ನಕ್ಕು ನನ್ನ ಬಿಳೀ ಪಂಚೆ ಮೇಲೆ ಕೆಂಪು ಚೆಲ್ಲಿದರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ. ಆಯ್ತಾ? ಕೇಳಿ.

ಬಿದರಕೊಪ್ಪಲು ಅಂತ ಒಂದು ಊರು. ನಾಲೆ ದಾಟಿ, ಕಬ್ಬಿನ ಗದ್ದೆ ದಾಟಿ, ಬಸ್ಸಿನೋನು "ಇನ್ಮುಂದಕ್ಕೆ ನಡ್ಕೊಂಡೋಗಿ" ಅಂತ ಇಳಿಸಿದ ಮೇಲೂ ಎರಡು ಮೈಲಿ. ಆ ಊರಲ್ಲಿ ಹೊಂಬಾಳಮ್ಮ ಅಂತ ಸೂಲಗಿತ್ತಿ. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿದ್ದು. ಊರವರ ಮಕ್ಕಳನ್ನೆಲ್ಲ ನೆಟ್ಟಗೆ ಇಳಿಸಿಕೊಂಡವಳು, ತನ್ನದೊಂದನ್ನು ಹೆತ್ತಾಗ ಮಾತ್ರ ಎಲ್ಲೋ ಎಡವಟ್ಟಾಯ್ತು. ಅವನೇ ಜವರ.

ಪೆದ್ದ ಅಂದರೆ ಎಂಥಾ ಪೆದ್ದ! ಹೇಳಿದ ಮಾತು ಕೇಳದ ಪೆದ್ದ ಅಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡೋ ಪೆದ್ದ. "ಬಾಗಿಲ ಮೇಲೆ ಒಂದು ಕಣ್ಣಿಟ್ಟಿರ್ಲಾ" ಅಂದರೆ, ಒಂದು ಕಣ್ಣನ್ನು ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ಅಂಗೈಯಿಂದ ಮುಚ್ಚಿಕೊಂಡು ಸಂಜೆವರೆಗೂ ನಿಂತಿದ್ದ. ಹಿತ್ತಲ ಕಡೆಯಿಂದ ನಾಯಿ ಬಂದು ಮುದ್ದೆ ತಿಂದುಕೊಂಡು ಹೋಯ್ತು. ಆದರೆ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಬರೆಯೋದು ಅಷ್ಟು ಚೆಂದ. ಏನು ಬರೀತಾನೆ ಅನ್ನೋದೇ ತಾಪತ್ರಯ.

ಆ ವರ್ಷ ಹೊಂಬಾಳಮ್ಮನ ಕೈ ನಡುಗೋಕೆ ಶುರುವಾಯ್ತು. ಕಣ್ಣೂ ಮಂಜು. ಪಕ್ಕದ ಮನೆ ಹುಡುಗಿ ಚಿಕ್ಕತಾಯಿಗೆ ಎಂಟನೇ ತಿಂಗಳು. ಹೋದ ಸಲ ಆ ಹುಡುಗಿಯನ್ನು ಪೇಟೆ ಆಸ್ಪತ್ರೆಗೆ ಸಾಗಿಸುವಾಗ ನಾಲೆ ಏರಿಯ ಮೇಲೇ ಮಗು ಹೋಗಿತ್ತು. ಹೊಂಬಾಳಮ್ಮ ಅದನ್ನು ಮರೆತಿರಲಿಲ್ಲ. "ನನ್ ಕೈ ನಂಬ್ಕೋಬ್ಯಾಡಿ ಕನ್ರವ್ವಾ. ಊರಿಗೊಬ್ಳು ನರ್ಸಮ್ಮ ಬೇಕು" ಅಂತ ಕಂಡಕಂಡವರ ಹತ್ತಿರ ಹೇಳಿಕೊಳ್ತಿದ್ದಳು.

ಆಗ ಬಂತು ಸಮೀಕ್ಷೆ. ಅದರ ಹೆಸರು 'ಸಾಮಾಜಿಕ ಯೋಗಕ್ಷೇಮ ಮತ್ತು ಸುಸ್ಥಿರ ಅಭಿವೃದ್ಧಿ ಸೂಚ್ಯಂಕ'. ಹೇಳೋಷ್ಟರಲ್ಲಿ ನನಗಿರೋ ನಾಲ್ಕು ಹಲ್ಲೂ ಅಲ್ಲಾಡಿದವು. ಊರವರು ಬುದ್ಧಿವಂತರು, ನೆಮ್ಮದಿ ಸಮೀಕ್ಷೆ ಅಂದರು. ಹತ್ತು ಊರು ಅಳೆಯೋದು, ಯಾವ ಊರಿಗೆ ನೆಮ್ಮದಿ ಎಲ್ಲಕ್ಕಿಂತ ಕಡಿಮೆ ಅಂತ ಅಂಕಿ ಬರುತ್ತೋ ಆ ಊರಿಗೆ ಒಬ್ಬ ನರ್ಸು. ಹತ್ತಕ್ಕೆ ಒಬ್ಬಳೇ!

ಅಂಕಿಅಂಶದ ಸಾಹೇಬರು ಲೋಕನಾಥಪ್ಪ ಮೋಟಾರು ಬೈಕಿನಲ್ಲಿ ಬಂದರು. ಬರೆಯೋಕೆ ಒಬ್ಬ ಬೇಕು ಅಂದರು. ಆ ಬಿಸಿಲಲ್ಲಿ ಮನೆ ಮನೆ ತಿರುಗೋಕೆ ಯಾರೂ ಒಪ್ಪಲಿಲ್ಲ. ಜವರ ಕೈ ಎತ್ತಿದ. ಹೊಂಬಾಳಮ್ಮ ತಲೆ ಮೇಲೆ ಕೈ ಹೊತ್ತಳು.

"ಮಗಾ, ನಿನ್ ದಮ್ಮಯ್ಯ ಅಂತೀನಿ, ಸಾಹೇಬ್ರು ಏನ್ ಹೇಳ್ತಾರೋ ಅದ್ನೇ ಮಾಡ್ಲಾ!"

"ಅದ್ನೇ ಮಾಡ್ತೀನಿ ಕನವ್ವಾ!"

ಸಾಹೇಬರು ಹಾಳೆ ಕೊಟ್ಟು ಹೇಳಿದರು: "ನೋಡಪ್ಪಾ, ಒಂದು ಖಾನೆಯೂ ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಹಾಳೆ ವಾಪಸ್!"

ಖಾಲಿ ಬಿಡಬಾರದು, ಖಾಲಿ ಬಿಡಬಾರದು ಅಂತ ಗಿಣಿಪಾಠ ಮಾಡಿಕೊಂಡು ಜವರ ಹೊರಟ. ಮೊದಲನೇ ಮನೆ ಸಣ್ಣಮ್ಮಜ್ಜಿದು. ಅಜ್ಜಿಗೆ ಎಪ್ಪತ್ತೈದು ವರ್ಷ. ಮಕ್ಕಳಿಲ್ಲ, ಮರಿಯಿಲ್ಲ. ಅಲ್ಲಲ್ಲ, ಮರಿ ಇತ್ತು. ಐದು ಆಡು. ಹಾಳೆಯಲ್ಲಿ ಮಕ್ಕಳ ಹೆಸರಿಗೆ ಐದು ಖಾನೆ. ಜವರ ಹಾಳೆ ನೋಡಿದ, ಅಜ್ಜೀನ ನೋಡಿದ, ಆಡು ನೋಡಿದ. ಐದಕ್ಕೆ ಐದು!

ಸಂಜೆ ಸಾಹೇಬರು ಓದಿದರು. "ಮಗು ಒಂದು, ಹೆಸರು ಕುಂಟಿ. ವಯಸ್ಸು ಎರಡು ತಿಂಗಳು. ಉದ್ಯೋಗ, ಸೊಪ್ಪು ಮೇಯುವುದು. ವಿದ್ಯಾಭ್ಯಾಸ..." ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. "ವಿದ್ಯಾಭ್ಯಾಸ, ಒಂದನೇ ಕ್ಲಾಸಿನ ಪುಸ್ತಕ ತಿಂದಿದೆ! ಏನಯ್ಯಾ ಇದು?"

"ಅರ್ಧ ತಿಂದಿತ್ತು ಸಾ. ಅರ್ಧ ಅಂತ ಬರೆಯಕ್ಕೆ ಜಾಗ ಇರ್ಲಿಲ್ಲ."

"ಅಯ್ಯೋ ಶಿವನೇ! ಇಲ್ಲದ್ದಕ್ಕೆ ಸೊನ್ನೆ ಹಾಕಯ್ಯಾ! ಕಣ್ಣಿಗೆ ಕಂಡ ಮನುಷ್ಯರನ್ನ ಮಾತ್ರ ಬರಿ. ಕಾಣದಿದ್ದರೆ ಸೊನ್ನೆ!"

ಮನೆಯಲ್ಲಿ ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. "ಯಾವ ಗಳಿಗೇಲಿ ಹೆತ್ನಪ್ಪಾ ನಿನ್ನ!"

"ಗಳಿಗೆ ನಂಗೊತ್ತಿಲ್ಲ ಕನವ್ವಾ, ನಾನಾಗ ಚಿಕ್ಕೋನು."

ಮಾರನೇ ದಿನ. ಕಂಡದ್ದು ಬರಿ, ಕಾಣದ್ದು ಸೊನ್ನೆ. ಕಂಡದ್ದು ಬರಿ, ಕಾಣದ್ದು ಸೊನ್ನೆ. ಆವತ್ತು ನಾಟಿ ಜೋರು. ಊರಿಗೆ ಊರೇ ಗದ್ದೆಯಲ್ಲಿ. ಸಣ್ಣಮ್ಮಜ್ಜಿ ಆಡು ಹೊಡ್ಕೊಂಡು ಏರಿ ಮೇಲೆ. ಜವರ ಒಂದೊಂದೇ ಬಾಗಿಲು ತಟ್ಟಿದ. ಯಾರೂ ಇಲ್ಲ. ಸೊನ್ನೆ! ಇನ್ನೊಂದು ಬಾಗಿಲು. ಸೊನ್ನೆ! ಪಾಪ, ಒಂದೂ ಮನೆ ಬಿಡಲಿಲ್ಲ. ಎಂಬತ್ತಾರು ಮನೆ, ಎಂಬತ್ತಾರು ಸೊನ್ನೆ. ಅದೂ ಎಷ್ಟು ದುಂಡಗೆ ಬರೆದಿದ್ದ ಅಂತೀರಿ!

"ಒಟ್ಟು ಜನಸಂಖ್ಯೆ ಸೊನ್ನೆಯಾ!" ಸಾಹೇಬರು ಎದ್ದು ನಿಂತರು. "ನೀನು? ನೀನೊಬ್ಬ ಇದ್ದೆಯಲ್ಲಯ್ಯಾ ಊರಲ್ಲಿ!"

"ನನ್ನ ನಾನು ಕಾಣ್ಲಿಲ್ಲ ಸಾ. ಕನ್ನಡಿ ತಕ್ಕೊಂಡೋಗಿರ್ಲಿಲ್ಲ."

"ಜನವೇ ಇಲ್ಲದ ಊರಿಗೆ ನರ್ಸು ಯಾಕಯ್ಯಾ? ದೆವ್ವಕ್ಕೆ ಸೂಜಿ ಚುಚ್ಚೋಕಾ? ಎಲ್ಲರೂ ಒಟ್ಟಿಗೆ ಇರುವಾಗ ಹೋಗು! ಬರೀ ತಲೆ ಎಣಿಸಬೇಡ. ನೆಮ್ಮದಿ ಹತ್ತಕ್ಕೆ ಎಷ್ಟು ಅಂತ ಒಬ್ಬೊಬ್ಬರನ್ನೂ ಕೇಳು!"

ಎಲ್ಲರೂ ಒಟ್ಟಿಗೆ ಇರುವಾಗ, ಎಲ್ಲರೂ ಒಟ್ಟಿಗೆ ಇರುವಾಗ. ಜವರ ಎರಡು ದಿನ ಕಾದ. ಮೂರನೇ ದಿನ, ಮೊನ್ನೆ ಮೊನ್ನೆ ತೀರಿಕೊಂಡಿದ್ದ ಮೊಗಣ್ಣನ ತಿಥಿ. ಊರೆಲ್ಲ ಮೊಗಣ್ಣನ ಅಂಗಳದಲ್ಲಿ! ಬಿಸಿ ಮುದ್ದೆ, ಬಾಡಿನ ಸಾರು, ಮೇಲೆ ಬೋಟಿ ಗೊಜ್ಜು. ಜವರ ಪಂಕ್ತಿಯೊಳಕ್ಕೆ ಹೊಕ್ಕ.

"ಅಣ್ಣಾ, ನೆಮ್ಮದಿ ಹತ್ತಕ್ಕೆಷ್ಟು?"

ಬಾಯ್ತುಂಬ ಬಾಡು ಇರೋವಾಗ ಯಾವನು ಮಾತಾಡ್ತಾನೆ? ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದ. ಪಕ್ಕದವನೂ ಹತ್ತು. ಅದರ ಪಕ್ಕದವನು ಇನ್ನೊಂದು ತುಂಡು ಹಾಕಿದರೆ ಹನ್ನೊಂದು ಅಂದ. ಮೊಗಣ್ಣನ ಹೆಂಡತಿ ತಲೆ ತಗ್ಗಿಸಿಕೊಂಡು ಕೂತಿದ್ದಳು. ಆಯಮ್ಮ ಅತ್ತಿತ್ತ ನೋಡಿ ಮೆಲ್ಲಗೆ "ಎಂಟು ಅಂತ ಬರ್ಕೊಳಪ್ಪಾ. ಕುಡ್ದು ಬಂದು ಒದೆಯೋರು ಇಲ್ವಲ್ಲಾ, ನಿದ್ದೆ ಬತ್ತದೆ" ಅಂದಳು. ಜವರ ಗೋಡೆ ಮೇಲಿದ್ದ ಮೊಗಣ್ಣನ ಫೋಟೋನೂ ಕೇಳಿದ. ಉತ್ತರ ಬರಲಿಲ್ಲ. ಸೊನ್ನೆ ಹಾಕಿದ.

ಸಾಹೇಬರಿಗೆ ಈ ಸಲ ಕೂತಲ್ಲೇ ಬೆವರು. "ಒಂದು ಮನೆ! ಒಂದು ಕಕ್ಕಸು! ವಾಸ ಇರೋದು ಮುನ್ನೂರ ಎಪ್ಪತ್ತು ಜನ! ಅಷ್ಟಾಗಿಯೂ ನೆಮ್ಮದಿ ಹತ್ತಕ್ಕೆ ಹತ್ತು! ಹಿಂಗಾದ್ರೆ ನಿಮ್ಮೂರಿಗೆ ನರ್ಸಲ್ಲ ಕಣಯ್ಯಾ, ಹಾರ ತುರಾಯಿ ಕೊಟ್ಟು ಕಳಿಸ್ತಾರೆ!"

"ಸತ್ತೋರ್ನ ಬುಟ್ಟು ಎಲ್ರೂ ಚೆಂದಾಗವ್ರೆ ಸಾ."

"ಬಾಯ್ಮುಚ್ಚು! ಮನೆ ಮನೆಗೆ ಹೋಗು. ಯಾರಿಗೆ ಎಷ್ಟಿದೆ ಕೇಳು. ಎಲ್ಲ ಕೂಡಿಸು, ಮನೆಗಳ ಲೆಕ್ಕಕ್ಕೆ ಸಮವಾಗಿ ಹಂಚು, ಅದಕ್ಕೆ ಸರಾಸರಿ ಅಂತಾರೆ. ಮತ್ತೆ ಕೇಳಿಸ್ಕೋ, ಹಾಳೇಲಿ ಏನಿದೆಯೋ ಊರಲ್ಲೂ ಅದೇ ಇರಬೇಕು. ತಾಳೆ ಆಗದಿದ್ದರೆ ನಿನ್ನ ಚರ್ಮ ಸುಲೀತೀನಿ!"

ಹೊಂಬಾಳಮ್ಮ ಅವತ್ತು ಬೈಯಲೂ ಇಲ್ಲ. ಚಿಕ್ಕತಾಯಿಗೆ ಎಂಟು ತುಂಬಿತ್ತು. ಒಲೆ ಮುಂದೆ ಕೂತು ತನ್ನ ಕೈ ತಾನೇ ನೋಡಿಕೊಂಡಳು. ಕೈ ಅಲ್ಲಾಡುತ್ತಲೇ ಇತ್ತು.

ಜವರ ಮಾರನೇ ದಿನ ಮೇಲಿನ ಬೀದಿಗೆ ಹೋದ. ಪಟೇಲ್ ಬೆಟ್ಟೇಗೌಡರ ಕೊಟ್ಟಿಗೆಯಲ್ಲಿ ಆರು ಹಸು. ಎದುರು ಗುಡಿಸಲಿನ ಮುದ್ದನಿಗೆ ಒಂದೂ ಇಲ್ಲ. ಕೂಡಿಸಿದ, ಆರು. ಹಂಚಿದ, ಮೂರು, ಮೂರು. ಮುತ್ತಿನಂಥ ಅಕ್ಷರದಲ್ಲಿ ಬರೆದ. ಆಮೇಲೆ ನೋಡ್ತಾನೆ, ಹಾಳೆಯಲ್ಲಿ ಮೂರು, ಕೊಟ್ಟಿಗೆಯಲ್ಲಿ ಆರು! ತಾಳೆ ಆಗ್ತಿಲ್ಲ! ಚರ್ಮದ ಮಾತು ನೆನಪಾಯ್ತು. ಮೂರು ಹಸು ಬಿಚ್ಚಿದ, ಹೊಡ್ಕೊಂಡು ಹೋಗಿ ಮುದ್ದನ ಗುಡಿಸಲಿಗೆ ಕಟ್ಟಿದ.

"ಲೇ ಲೇ ಲೇ! ನನ್ ಹಸ ಕನ್ಲಾ!" ಪಟೇಲರು ಪಂಚೆ ಎತ್ತಿಕೊಂಡು ಓಡಿ ಬಂದರು.

"ಸರಾಸರಿ ಗೌಡ್ರೇ!"

"ಯಾವನ್ಲಾ ಅವ್ನು ಸರಾಸರಿ? ಕರಿಯಲಾ ಅವನ್ನ!"

"ಸರ್ಕಾರದೋರು ಗೌಡ್ರೇ. ನಿಮ್ಮನೇಲಿ ಆರು ಕೋಣೆ ಅವೆ. ಮುದ್ದಣ್ಣನ್ಗೆ ಚಾಪೆ ಸುತ್ಕೊಳ್ಳಕ್ಕೆ ಹೇಳಿವ್ನಿ, ಈಗ ಬತ್ತಾನೆ."

ಮುದ್ದ ಒಳ್ಳೆಯವನು, ಸರ್ಕಾರ ಹೇಳಿದರೆ ಇಲ್ಲ ಅನ್ನೋನಲ್ಲ. ಚಾಪೆ, ಪಾತ್ರೆ, ಹೆಂಡತಿ, ನಾಲ್ಕು ಮಕ್ಕಳ ಸಮೇತ ಪಟೇಲರ ಜಗಲಿ ಹತ್ತಿ ನಿಂತಿದ್ದ. ಹೆಂಡತಿ ಅಷ್ಟರಲ್ಲಿ ಒಂದು ಹಸು ಕರೆದು ಮಕ್ಕಳಿಗೆ ಹಾಲು ಕುಡಿಸಿಯೂ ಆಗಿತ್ತು. ನಿಜ ಹೇಳ್ತೀನಿ, ಆ ಸಮೀಕ್ಷೆಯಿಂದ ಆ ಊರಲ್ಲಿ ಯಾರಿಗಾದರೂ ನೆಮ್ಮದಿ ಸಿಕ್ಕಿದ್ದು ಅಂದರೆ ಆ ನಾಲ್ಕು ಮಕ್ಕಳಿಗೆ, ಅದೂ ಒಂದು ಹೊತ್ತಿಗೆ.

ಪಟೇಲರು ಕೂಗಾಡಿದ್ದು ತಾಲ್ಲೂಕಿನವರೆಗೂ ಕೇಳಿಸಿತು. ಸಾಹೇಬರು ಬೈಕ್ ಹತ್ತಿ ಬಂದರು. ಹಸು ವಾಪಸ್ ಕಟ್ಟಿಸಿದರು, ಮುದ್ದನ ಚಾಪೆ ಇಳಿಸಿದರು, ಜವರನ ಕೈಯಿಂದ ಹಾಳೆ ಕಿತ್ತುಕೊಂಡರು. "ಈ ಊರನ್ನ ಪಟ್ಟಿಯಿಂದಲೇ ತೆಗೀತೀನಿ!"

ಹೊಂಬಾಳಮ್ಮ ಅಡ್ಡ ಬಂದು ನಿಂತಳು. "ತೆಗೀಬ್ಯಾಡಿ ಬುದ್ಧೀ. ಅವ್ನು ಪೆದ್ದ, ನಾನಲ್ಲ. ಕೂತ್ಕೊಳ್ಳಿ, ನಾನ್ ಹೇಳ್ತೀನಿ ಬರ್ಕೊಳ್ಳಿ."

ಅವಳು ಹೇಳಿದಳು, ಸಾಹೇಬರು ಬರೆದರು. ಯಾವ ಮನೆಯಲ್ಲಿ ಎಷ್ಟು ಜನ, ಎಷ್ಟು ಹೆತ್ತರು, ಎಷ್ಟು ಉಳಿದವು, ಯಾವ ಮಗು ಯಾಕೆ ಹೋಯ್ತು, ಒಂದೂ ತಪ್ಪಿಲ್ಲದೆ. ಎಲ್ಲಾ ಅವಳ ಕೈಯಲ್ಲೇ ಆಗಿದ್ದಲ್ಲವೇ! ಸಾಹೇಬರು ನಡುವೆ ಎರಡು ಸಲ ಕನ್ನಡಕ ಒರೆಸಿಕೊಂಡರು. ಜನ ನಾನೂರ ಹನ್ನೆರಡು. ನರ್ಸು ಸೊನ್ನೆ. ದಪ್ ಅಂತ ಸೀಲು ಹೊಡೆದರು.

ಹೊರಡುವಾಗ ಜವರನ ಕಿವಿ ಹಿಂಡಿ ಹೇಳಿದರು: "ಸೀಲು ಬಿತ್ತು ಕಣಯ್ಯಾ. ಇನ್ನು ಒಂದೇ ಒಂದು ಅಂಕಿ ಆಚೀಚೆ ಆದರೂ ನಿಮ್ಮೂರ ನರ್ಸು ಕೈತಪ್ಪಿ ಹೋಗ್ತಾಳೆ. ಹುಷಾರ್!"

ಒಂದಂಕಿ ಆಚೀಚೆ ಆಗಬಾರದು, ಒಂದಂಕಿ ಆಚೀಚೆ ಆಗಬಾರದು.

ತಿಂಗಳೊಳಗೆ ಆರ್ಡರು ಬಂತು. ಹತ್ತು ಊರಲ್ಲಿ ಬಿದರಕೊಪ್ಪಲಿಗೇ ನರ್ಸು! ಸೋಮವಾರ ಬೆಳಿಗ್ಗೆ ಬಸ್ಸಿಗೆ ಬರ್ತಾಳೆ. ಅದೇ ಸೋಮವಾರ ಬೆಳಿಗ್ಗೆ ಚಿಕ್ಕತಾಯಿಗೆ ನೋವು ಶುರುವಾಯ್ತು.

"ಜವರಾ! ಗಡಿಕಲ್ಲತ್ರ ಓಡ್ಲಾ! ನರ್ಸಮ್ಮ ಬತ್ತಾವ್ಳೆ!" ಒಳಗಿಂದ ಹೊಂಬಾಳಮ್ಮ ಕೂಗಿದಳು.

ಓಡಿದ. ಬಿಳೀ ಕೋಟು ಹಾಕ್ಕೊಂಡು, ಚೀಲ ಹಿಡ್ಕೊಂಡು ಒಬ್ಬ ಗಟ್ಟಿ ಹೆಂಗಸು ಬಿರಬಿರನೆ ಬರ್ತಿದ್ದಳು. ಹೆಸರು ಫಿಲೋಮಿನಾ. ಜವರ ಗಡಿಕಲ್ಲಿನ ಮೇಲೆ ಹತ್ತಿ ಎರಡೂ ಕೈ ಅಡ್ಡ ಚಾಚಿದ.

"ಬರಂಗಿಲ್ಲ!"

"ಯಾಕಪ್ಪಾ? ನಾನು ಈ ಊರ ನರ್ಸು."

"ಊರಲ್ಲಿ ನರ್ಸು ಸೊನ್ನೆ ಅಂತ ಸೀಲು ಬಿದ್ದೈತೆ. ನೀವ್ ಒಳಕ್ ಬಂದ್ರೆ ಒಂದಾಯ್ತದೆ. ಅಂಕಿ ಆಚೀಚೆ ಆದ್ರೆ ನಮ್ಗೆ ಬರೋ ನರ್ಸಮ್ಮ ತಪ್ಪೋಯ್ತಾಳೆ!"

"ಆ ನರ್ಸಮ್ಮ ನಾನೇ ಕಣೋ!"

"ನೀವೇನಾ? ಹಂಗಾದ್ರೆ ಬೇಗ ವಾಪಸ್ ಹೋಗಿ ಅಕ್ಕಾ, ಇಲ್ಲಾಂದ್ರೆ ನಿಮ್ಗೆ ಬರಕ್ಕಾಗಕಿಲ್ಲ!"

ಅಷ್ಟರಲ್ಲಿ ಊರೊಳಗಿಂದ ಚಿಕ್ಕತಾಯಿ ಕಿರುಚಿದ್ದು ಕೇಳಿಸಿತು. ಫಿಲೋಮಿನಾ ಎಷ್ಟು ಊರ ನೀರು ಕುಡಿದವಳೋ, ಇಂಥವರನ್ನೂ ನೋಡಿದ್ದಳು ಅಂತ ಕಾಣುತ್ತೆ. "ಊರಲ್ಲಿ ಜನ ಎಷ್ಟು?" ಅಂದಳು.

"ನಾನೂರ ಹನ್ನೆರಡು."

"ನೀನೂ ಸೇರಿ?"

"ಹೂಂ."

"ಕಲ್ಲಿಂದ ಈಚೆಗೆ ಇಳಿ. ಈ ಕೋಟು ನೀನು ಹಾಕ್ಕೋ. ಈಗ ನರ್ಸು ಹೊರಗಿದ್ದಾಳಾ?"

ಜವರ ಕೋಟು ನೋಡಿಕೊಂಡ. "ಅವ್ಳೆ."

"ನೀನು ಹೊರಗೆ, ನಾನು ಒಳಗೆ. ಎಷ್ಟಾಯ್ತು?"

ಜವರ ಬೆರಳು ಮಡಿಸಿ ಬಿಡಿಸಿ ಮಾಡೋಷ್ಟರಲ್ಲಿ ಅವಳು ಚಿಕ್ಕತಾಯಿ ಮನೆ ಮುಟ್ಟಿದ್ದಳು.

ಒಂದು ಗಂಟೆ ಆಯ್ತು. ಎರಡು ಗಂಟೆ ಆಯ್ತು. ಜವರ ಕೋಟು ಹಾಕ್ಕೊಂಡು ಬಿಸಿಲಲ್ಲಿ ನಿಂತೇ ಇದ್ದ. ಆಮೇಲೆ ತಟ್ಟೆ ಬಡಿದ ಸದ್ದು. "ಹೆಣ್ಮಗಾ ಕನ್ರವ್ವೋ! ತಾಯಿ ಮಗಾ ಇಬ್ರೂ ಚೆಂದಾಗವ್ರೆ!"

ಜವರನಿಗೆ ಕಣ್ಣಲ್ಲಿ ನೀರೇ ಬಂತು. ಕುಣಿದ. ಕುಣೀತಾ ಕುಣೀತಾ ಎದೆ ಧಸಕ್ಕಂತು. ನಾನೂರ ಹದಿಮೂರು!

"ಯಾರಾದ್ರೂ ಒಬ್ರು ಈಚ್ಗೆ ಬನ್ರಪ್ಪೋ! ಒಂದ್ ಜಾಸ್ತಿ ಆಗೋಯ್ತು! ಬನ್ರಪ್ಪೋ!"

ಒಬ್ಬರು ಬಂದರು. ಹೊಂಬಾಳಮ್ಮ. ನರ್ಸಮ್ಮ ನಡೆದದ್ದೆಲ್ಲ ಹೇಳಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪೊರಕೆ ಎತ್ತಿಕೊಂಡು, "ನರ್ಸಮ್ಮನ್ನೇ ತಡೀತೀಯೇನ್ಲಾ ಮುಠ್ಠಾಳಾ!" ಅಂತ ಬೀದಿ ಉದ್ದಕ್ಕೂ ಬೈತಾ ಬಂದಳು. ಗಡಿಕಲ್ಲು ದಾಟಿ ಮಗನ ಬೆನ್ನಿಗೆ ಒಂದು ಬಿಟ್ಟಳು, ಛಟ್!

"ನಾನೂರ ಹನ್ನೆರಡು! ಸರಿಹೋಯ್ತು ಕನವ್ವಾ!" ಜವರ ಅವಳ ಕಾಲು ಎರಡನ್ನೂ ತಬ್ಬಿಕೊಂಡ.

"ಬುಡ್ಲಾ ಕಾಲ! ಮಗೀಗೆ ನೀರು ಉಯ್ಯಬೇಕು ನಾನು! ಬುಡ್ಲಾ!" ಛಟ್! ಛಟ್!

"ಹೊಡಿ ಅವ್ವಾ, ಎಷ್ಟ್ ಬೇಕಾದ್ರೂ ಹೊಡಿ! ಆದ್ರೆ ಕಲ್ಲಿಂದ ಈಚ್ಗೇ ನಿಂತ್ಕೊಂಡು ಹೊಡಿ!"