ಹೊಳೆದಂಡೆಯ ಎಲ್‌ಇಡಿ

ಹೊಳೆದಂಡೆಯ ಮಠದಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು. ಶಿಷ್ಯ ಈರಭದ್ರ ಮಠ ಸೇರುವ ಮೊದಲು ಹತ್ತು ವರ್ಷ ಕರೆಂಟಿನ ಕೆಲಸ ಮಾಡಿದವನು.

ಒಮ್ಮೆ ಮಠಕ್ಕೆ ಒಂದೇ ತರದ ಎರಡು ಎಲ್‌ಇಡಿ ದೀಪ ಬಂದವು. ಒಂದು ಅಡುಗೆಮನೆಗೆ. ಇನ್ನೊಂದನ್ನು ಹೊಳೆಯ ಮೆಟ್ಟಿಲ ಬಳಿ ಕಂಬಕ್ಕೆ ಕಟ್ಟಿದರು. ಸಂಜೆಯ ಕಡೆಯ ದೋಣಿಗೆ ಅದೇ ಗುರುತು. ಮೆಟ್ಟಿಲ ಎಡಕ್ಕೆಲ್ಲ ಬಂಡೆಗಳು.

ಈರಭದ್ರನಿಗೆ ಆ ಬೆಳಕು ಸಾಲಲಿಲ್ಲ. ದೀಪದ ಮೇಲೆ ಬರೆದಿದ್ದಕ್ಕಿಂತ ಎರಡು ಪಟ್ಟು ಕರೆಂಟು ಹರಿಸಿದ.

ಅರ್ಧ ಹೊಳೆ ಬೆಳಗಿತು. ದೋಣಿಯಲ್ಲಿದ್ದವರು ಕೂಗಿ ಹೊಗಳಿದರು.

ಗುರುಗಳು ದೀಪದ ಬೆನ್ನು ಮುಟ್ಟಿ ಬೆರಳು ಕೊಡವಿಕೊಂಡರು. "ಸುಡಾಕತ್ತೈತಿ. ಇಳಸು."

"ಬೆಳಕು ನೋಡ್ರಿ, ಅಜ್ಜಾರ!"

"ನಾ ಬೆನ್ನು ಅಂದ್ರ ನೀ ಮುಖ ತೋರಸ್ತೀಯಲ್ಲೋ!"

ಎಂಟು ದಿನಕ್ಕೆ ದೀಪ ಮಂಕಾಯಿತು. ಈರಭದ್ರ ಇನ್ನಷ್ಟು ಕರೆಂಟು ಕೊಡಲು ಹೊರಟ.

ಗುರುಗಳು ಹಣೆ ಬಡಿದುಕೊಂಡರು. "ಆರಸೋ ಮಾರಾಯಾ! ನಾಕು ದಿನ ಬಿಡುವು ಕೊಡು ಅದಕ್ಕ."

ಆ ನಾಲ್ಕು ಸಂಜೆ ಗುರುಗಳೇ ಲಾಟೀನು ಹಿಡಿದು ಮೆಟ್ಟಿಲ ಮೇಲೆ ನಿಂತರು.

ಐದನೆಯ ದಿನ, ಬರೆದಷ್ಟೇ ಕರೆಂಟಿಗೆ ದೀಪ ಹಚ್ಚಿದರು. ಬೆಳಕು ಚೇತರಿಸಿಕೊಂಡಿತ್ತು.

"ಗುಣ ಆತ್ರೀ!" ಎಂದ ಈರಭದ್ರ. ಗುರುಗಳು ಸ್ನಾನಕ್ಕೆ ಹೋದದ್ದೇ ತಡ, ಮತ್ತೆ ಏರಿಸಿದ.

ಮೂರನೆಯ ಸಂಜೆ ದೀಪ ಮಿಣಮಿಣ ಎಂದಿತು. ಅಂಬಿಗನಿಗೆ ಮೆಟ್ಟಿಲು ಕಾಣಲಿಲ್ಲ. ದೋಣಿ ಬಂಡೆಗೆ ಬಡಿದು ಒಂಬತ್ತು ಜನ ನೀರಿಗೆ ಬಿದ್ದರು. ಈರಭದ್ರ ಹಾರಿ, ಮುಳುಗುತ್ತಿದ್ದ ಕೂಸೊಂದನ್ನು ಎತ್ತಿಕೊಂಡ. ಉಳಿದವರೂ ಹೇಗೋ ದಡ ಹತ್ತಿದರು. ಕೂಸನ್ನು ತಾಯಿಯ ಕೈಗೆ ಕೊಟ್ಟ. ಆಕೆ ಅವನ ಮುಖ ನೋಡಲಿಲ್ಲ.

ದೀಪಕ್ಕೆ ಮತ್ತೆ ಬಿಡುವು. ಆಮೇಲೆ ಗುರುಗಳು ಅಡುಗೆಮನೆಯ ದೀಪವನ್ನೂ ತಂದು ಪಕ್ಕಕ್ಕಿಟ್ಟು, ಎರಡಕ್ಕೂ ಒಂದೇ ಸಮ ಕರೆಂಟು ಕೊಡಿಸಿದರು. ಹೊಳೆಯ ದೀಪದ ಬೆಳಕು ಅಡುಗೆಮನೆಯದರ ಅರ್ಧದಷ್ಟೂ ಇರಲಿಲ್ಲ.

"ಇನ್ನೊಂದು ತಿಂಗಳು ಬಿಟ್ರ ಪೂರ್ತಿ ಬರತೈತೇನ್ರಿ?"

"ದಣದದ್ದು ಬಂದೈತಿ. ಸುಟ್ಟದ್ದು ಬರೂದಿಲ್ಲ."

ಅಂದು ಸಂಜೆ ಅಡುಗೆಮನೆಯ ದೀಪ ಕಂಬ ಏರಿತು. ದೋಣಿ ನೇರ ಮೆಟ್ಟಿಲಿಗೇ ಬಂದು ನಿಂತಿತು. ಜನ ಇಳಿದು ಹೋದರು.

ಈರಭದ್ರ ಕಂಬದ ಬುಡದಲ್ಲೇ ಚಡಪಡಿಸುತ್ತಿದ್ದ. "ಅಜ್ಜಾರ, ಆ ಕೂಸು ಕಣ್ಣಾಗಿಂದ ಹೋಗವಲ್ದ್ರಿ. ಇದಕ್ಕ ಒಂಚೂರು, ಒಂದೇ ಒಂಚೂರು ಜಾಸ್ತಿ ಕೊಟ್ರ ಇನ್ನೂ ದೂರದಿಂದ ಕಾಣತೈತಿ..."

ಗುರುಗಳು ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತುಬಿಟ್ಟರು.

"ಉಳದದ್ದು ಇದೊಂದ ದೀಪ. ನಾಳೀನೂ ದೋಣಿ ಬರತೈತೋ, ಈರಭದ್ರ."