ಎಡಗಡೆಯ ಚುಕ್ಕೆ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ದಿನವೂ ನನ್ನ ನಡತೆಯನ್ನು ನಿಮ್ಮ ನಡತೆಯ ಪಕ್ಕದಲ್ಲಿಟ್ಟು ನೋಡುತ್ತೇನೆ. ಈಗೀಗ ಎರಡಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ನಾನು ಸರಿದಾರಿಯಲ್ಲಿದ್ದೇನೆ ಎಂದು ನಂಬಬಹುದೇ?”

“ಬಲು ಬೇಗ ತಲುಪಿಬಿಟ್ಟೆಯಲ್ಲಪ್ಪ” ಎಂದು ಗುರುಗಳು ನಕ್ಕರು. ಆಮೇಲೆ ನಗು ನಿಲ್ಲಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನಾಟಿ ವೈದ್ಯನಿದ್ದ. ಜ್ವರಕ್ಕೆ ಅವನು ಒಂದು ಬೇರಿನ ಕಷಾಯ ಕೊಡುತ್ತಿದ್ದ. ಆ ಬೇರನ್ನು ಕಾಡಿನಿಂದ ಅಗೆದು ತರುತ್ತಿದ್ದವಳು ಒಬ್ಬ ಮುದುಕಿ. ಮುದುಕಿ ಸತ್ತಳು. ವೈದ್ಯ ಪೇಟೆಯ ವರ್ತಕನಿಂದ ಒಂದು ಚೀಲ ಬೇರು ತರಿಸಿದ. ಹಳೆಯ ಬೇರಿನ ಭರಣಿ ತುಂಬುವಷ್ಟು ಸುರಿದು, ಉಳಿದದ್ದನ್ನು ಚೀಲದಲ್ಲೇ ಕಟ್ಟಿಟ್ಟ. ಆಮೇಲೆ ಅವನಿಗೆ ಸಂಶಯ ಹತ್ತಿತು. ಅದನ್ನೇ ಹೋಲುವ ವಿಷದ ಬೇರು ಒಂದಿದೆ. ಒಣಗಿದ ಮೇಲೆ ಎರಡನ್ನೂ ಕಣ್ಣಿನಿಂದ ಗುರುತಿಸಲಾಗದು. ಪರೀಕ್ಷೆ ಮಾಡದೆ ಯಾರಿಗೂ ಕೊಡುವುದಿಲ್ಲ ಎಂದು ನಿಶ್ಚಯಿಸಿದ.

ಪರೀಕ್ಷೆಗೆ ಬೇಕಾದ ಗಾಜಿನ ಪಟ್ಟಿಗಳನ್ನು ಮನೆಯಲ್ಲೇ ಮಾಡತೊಡಗಿದ. ಗಾಜಿನ ಪಟ್ಟಿಯನ್ನು ತೊಳೆದು, ನುಣುಪಾದ ಸಿಲಿಕಾ ಪುಡಿಗೆ ಚೂರು ಪ್ಲಾಸ್ಟರ್ ಬೆರೆಸಿ, ದೋಸೆ ಹಿಟ್ಟಿನ ಹದಕ್ಕೆ ಕಲಸಿ, ತೆಳ್ಳಗೆ ಬಳಿದು ಒಣಗಿಸಿದ. ಕೆಲವು ಬಿರುಕು ಬಿಟ್ಟವು. ಕೆಲವು ಸಿಪ್ಪೆಯಂತೆ ಎದ್ದು ಬಂದವು. ಬೆರಳಿನ ಗುರುತು ಬಿದ್ದವನ್ನು ಅವನೇ ಎಸೆದ. ಎರಡು ತಿಂಗಳು ಬೇರೆ ಯೋಚನೆಯೇ ಇರಲಿಲ್ಲ. ಕೊನೆಗೆ ಎರಡು ಪಟ್ಟಿಗಳು ಎಳ್ಳಷ್ಟೂ ಲೋಪವಿಲ್ಲದೆ ಬಂದವು.

ಒಂದರ ಬುಡದಲ್ಲಿ ಪೆನ್ಸಿಲಿನ ಗೆರೆ ಎಳೆದ. ಗೆರೆಯ ಮೇಲೆ ಎಡಕ್ಕೆ ಹಳೆಯದೆಂದು ಭರಣಿಯ ಬೇರಿನ ರಸದ ಒಂದು ಚುಕ್ಕೆ ಇಟ್ಟ, ಬಲಕ್ಕೆ ಚೀಲದ ಬೇರಿನದು. ಪಟ್ಟಿಯ ಬುಡವನ್ನು ಸ್ಪಿರಿಟಿನಲ್ಲಿ ಅದ್ದಿ ನಿಲ್ಲಿಸಿದ. ಸ್ಪಿರಿಟ್ ಮೇಲೇರುತ್ತ ಬಣ್ಣಗಳನ್ನು ಎಳೆದುಕೊಂಡು ಹೋಯಿತು. ಒಂದೇ ಬೇರಾದರೆ ಬಣ್ಣಗಳು ಒಂದೇ ಎತ್ತರದಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟೂ ಅಂತರವಿಲ್ಲದೆ ನಿಂತವು.

ಆ ವಾರವೇ ಅವನ ಮಗಳಿಗೆ ಜ್ವರ ಬಂತು. ಚೀಲದ ಬೇರನ್ನು ಕುದಿಸಿ ಕೊಟ್ಟ. ಅವಳು ಲೋಟವನ್ನು ಮೂಗಿನ ಬಳಿ ಹಿಡಿದು, “ಅಪ್ಪಾ, ಇದರ ವಾಸನೆ ಮೊದಲಿನ ಹಾಗಿಲ್ಲ” ಎಂದಳು. ಅವನು ಪಟ್ಟಿಯನ್ನು ತಂದು ತೋರಿಸಿದ. “ನಿನ್ನ ಮೂಗು ತಪ್ಪಬಹುದು ಮಗಳೇ, ಇದು ತಪ್ಪುವುದಿಲ್ಲ” ಎಂದ. ಅಪ್ಪನ ಮಾತಿನ ಮೇಲೆ ಅವಳು ಕುಡಿದಳು. ಮೂರು ದಿನ ಕುಡಿದಳು. ನಾಲ್ಕನೆಯ ದಿನ ಅವಳನ್ನು ಮಣ್ಣು ಮಾಡಿದರು.

ವೈದ್ಯ ಪಟ್ಟಿಯನ್ನು ಕೈಯಲ್ಲಿ ಹಿಡಿದು ಜಗಲಿಯಲ್ಲಿ ಕುಳಿತಿದ್ದ. “ಎರಡೂ ಒಂದೇ ಇವೆ, ನೋಡು” ಎಂದು ಹೆಂಡತಿಗೆ ಹೇಳಿದ. ಅವಳು ನೋಡಿದಳು. “ಎಡಗಡೆಯದನ್ನು ಎಲ್ಲಿಂದ ತೆಗೆದಿರಿ?” ಎಂದು ಕೇಳಿದಳು.

ಅವನು ಎದ್ದು ಹೋಗಿ ಭರಣಿಯನ್ನು ನೆಲಕ್ಕೆ ಸುರಿದ. ವರ್ತಕನ ಬೇರು ಬಿತ್ತು, ಬೀಳುತ್ತಲೇ ಇತ್ತು. ಕಟ್ಟಕಡೆಗೆ ತಳದಿಂದ ಮುದುಕಿಯ ಬೇರು ಒಂದು ಹಿಡಿಯಷ್ಟು ಬಿತ್ತು. ಅವನು ಉಳಿದಿದ್ದ ಇನ್ನೊಂದು ಪಟ್ಟಿಯನ್ನು ತೆಗೆದುಕೊಂಡು, ಎಡಕ್ಕೆ ಅದರ ಚುಕ್ಕೆ, ಬಲಕ್ಕೆ ಚೀಲದ ಬೇರಿನ ಚುಕ್ಕೆ ಇಟ್ಟು, ಸ್ಪಿರಿಟಿನಲ್ಲಿ ನಿಲ್ಲಿಸಿದ. ಒಂದು ಬಹಳ ಮೇಲೆ ನಿಂತಿತು, ಇನ್ನೊಂದು ಕೆಳಗೇ ಉಳಿಯಿತು. ಆ ಎರಡು ಪಟ್ಟಿಗಳಲ್ಲೂ ಯಾವ ದೋಷವೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಂಕಟವಾಯಿತು. “ಅಯ್ಯೋ, ಅವನು ಮೊದಲು ಭರಣಿಯನ್ನೇ ಪರೀಕ್ಷಿಸಬೇಕಿತ್ತು” ಎಂದ.

ಗುರುಗಳು ಕೇಳಿದರು: “ನನ್ನನ್ನು ನೀನು ಯಾವುದರ ಪಕ್ಕದಲ್ಲಿಟ್ಟು ನೋಡಿದ್ದೀಯೆ?”