ಹೊಸೆದವರೇ ಮೊದಲು ಜೋತುಬೀಳಬೇಕು

"ಗುರುಗಳೇ, ಕೆಲಸದಲ್ಲಿ ಮೇಲೆ ಬರುವ ದಾರಿ ಯಾವುದು?" ಎಂದು ಶಿಷ್ಯ ಕೇಳಿದ. ಅವನು ಮದ್ದು ಅರೆಯುವ ಮನೆಯೊಂದರಲ್ಲಿ ದುಡಿಯುತ್ತಿದ್ದ. "ನಮ್ಮ ಯಜಮಾನರು ಮದ್ದಿಗೆ ಬೇರಿನ ಬದಲು ಅಗ್ಗದ ತೊಗಟೆ ಬೆರೆಸುತ್ತಾರಂತೆ. ಮದ್ದು ಸರಿಯಾಗಿದೆ ಎಂದು ಕೊಳ್ಳುವವರಿಗೆ ನಾನೊಂದು ಮಾತು ಹೇಳಿದರೆ ನಾಳೆಯೇ ಮೇಸ್ತ್ರಿ ಮಾಡುತ್ತಾರಂತೆ. ಇಲ್ಲವೆಂದರೆ ಹೊರಗೆ ನಡೆ ಅನ್ನುತ್ತಾರೆ. ವರ್ಷವಿಡೀ ಅಲೆದು ಹಿಡಿದ ಕೆಲಸ ಅದು."

ಗುರುಗಳು ಹೇಳಿದರು:

ಹಗ್ಗ ಹೊಸೆಯುವ ಹೆಂಗಸೊಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಮೂರು ಹೊಟ್ಟೆ. ಕೆಲಸ ಕೇಳಲು ಹೋದಲ್ಲೆಲ್ಲ ಒಂದೇ ಪ್ರಶ್ನೆ: "ನೀನು ಯಾರ ಕಡೆಯವಳು?" ಮೂರು ಬಾಗಿಲು ಹಾಗೇ ಮುಚ್ಚಿದವು. ನಾಲ್ಕನೆಯದು ಒಬ್ಬ ವರ್ತಕನ ಹಗ್ಗದ ಅಂಗಳ. ಅಲ್ಲಿ ಅವಳಿಗೆ ರೇಗಿಹೋಯಿತು. "ನನ್ನ ಕೈಯ ಕಡೆಯವಳು. ನಾರು ಕೊಟ್ಟು ನೋಡಿ" ಎಂದಳು. ವರ್ತಕ ನಕ್ಕು ನಾರು ಕೊಟ್ಟ. ಸಂಜೆ ಹಗ್ಗ ನೋಡಿ ನಗು ನಿಲ್ಲಿಸಿದ.

ಆ ಸೀಮೆಯ ಹಗ್ಗದವರಲ್ಲಿ ಒಂದು ಕಟ್ಟಳೆ ಇತ್ತು. ಬಾವಿಗೆ ಇಳಿಯುವ ಹಗ್ಗವಾದರೆ, ಹೊಸೆದವರೇ ಕೊಳ್ಳುವವರ ಎದುರಿಗೆ ಅದಕ್ಕೆ ಜೋತುಬಿದ್ದು ತೋರಿಸಬೇಕು. ಅಂಗಳದ ಉಳಿದವರೂ ಹುಣಸೆ ಕೊಂಬೆಗೆ ಹಗ್ಗ ಕಟ್ಟಿ ಜೋತುಬೀಳುತ್ತಿದ್ದರು, ಇಲ್ಲವೆನ್ನಬಾರದು! ಕಾಲ್ಬೆರಳು ಮಾತ್ರ ಮೆಲ್ಲಗೆ ನೆಲಕ್ಕೆ ಊರಿರುತ್ತಿತ್ತು. ಇವಳು ಮೊಣಕಾಲು ಹೊಟ್ಟೆಗೆ ಮಡಚಿ ಮೈಯ ಭಾರವನ್ನೆಲ್ಲ ಬಿಡುತ್ತಿದ್ದಳು. ಎರಡು ವರ್ಷದಲ್ಲಿ ಸುತ್ತಲ ಬಾವಿ ತೋಡುವವರೆಲ್ಲ ಅವಳ ಹಗ್ಗವನ್ನೇ ಕೇಳತೊಡಗಿದರು. ಕೊನೆಕೊನೆಗೆ, "ನೀನು ಜೋತುಬೀಳುವುದೂ ಬೇಡ ತಾಯಿ, ಬಾಯಲ್ಲಿ ಹೇಳಿದರೆ ಸಾಕು" ಎನ್ನುತ್ತಿದ್ದರು.

ವರ್ತಕನಿಗೆ ದುರಾಸೆ ಹುಟ್ಟಿದ್ದು ಅಲ್ಲೇ. ಮುಗ್ಗಿದ ಹಳೆಯ ನಾರನ್ನು ನಡುವೆ ಇಟ್ಟು, ಮೇಲೆ ಹೊಸ ನಾರು ಸುತ್ತಿ, ಬೇರೆಯವರ ಕೈಲಿ ಹಗ್ಗ ಹೊಸೆಯಿಸಿದ. ಅವಳನ್ನು ಕರೆದು, "ನೋಡವ್ವ, ನಾಳೆ ಬಾವಿಯವರು ಬರುತ್ತಾರೆ. ಹಗ್ಗ ನಾನೇ ಹೊಸೆದದ್ದು, ಗಟ್ಟಿಯಿದೆ ಅಂತ ಹೇಳಿಬಿಡು. ಈ ಅಂಗಳದ ಹನ್ನೆರಡು ಜನಕ್ಕೂ ನೀನೇ ಮೇಸ್ತ್ರಿ" ಎಂದ.

ಹಗ್ಗ ಹಿಸುಕಿದಾಗಲೇ ಒಳಗಿನ ಮುಗ್ಗು ಅವಳ ಕೈಗೆ ತಿಳಿಯಿತು. ಆದರೂ ಆಸೆಯಾಗಲಿಲ್ಲವೇ? ಆಯಿತು. ಸುಳ್ಳು ಯಾಕೆ ಹೇಳಲಿ! ಹೆದರಿಕೆಯೂ ಆಯಿತು. ಒಲ್ಲೆನೆಂದರೆ ಮತ್ತೆ ಅದೇ ಬೀದಿ, ಅದೇ ಪ್ರಶ್ನೆ, ಮಕ್ಕಳಿಗೆ ಖಾಲಿ ಗಡಿಗೆ. ಅವಳು ಏನೂ ಹೇಳದೆ ಮನೆಗೆ ಹೋದಳು. ವರ್ತಕ ಅದನ್ನೇ ಒಪ್ಪಿಗೆ ಅಂದುಕೊಂಡ.

ಮರುದಿನ ಬಾವಿ ತೋಡುವವರು ನಾಲ್ವರು ಬಂದರು. ವರ್ತಕ ಮೀಸೆ ತಿರುವುತ್ತಾ, "ಇವಳೇ ನಮ್ಮ ಹೊಸ ಮೇಸ್ತ್ರಿ. ಇಲ್ಲಿ ಇನ್ನು ಇವಳು ಹೇಳಿದ್ದೇ ಮಾತು" ಎಂದ.

ಅವಳು ಹಗ್ಗವನ್ನು ಹುಣಸೆಯ ಎತ್ತರದ ಕೊಂಬೆಗೆ ಕಟ್ಟಿದಳು. "ಹಾಗಾದರೆ ಮೇಸ್ತ್ರಿಯ ಮಾತು ಕೇಳಿ. ಈ ಹಗ್ಗ ನಾನು ಹೊಸೆದದ್ದಲ್ಲ. ಹೊಸೆಯಿಸಿದವರು ನೀವು. ಬನ್ನಿ ಯಜಮಾನರೇ, ಜೋತುಬೀಳಿ. ಕಾಲು ಮೇಲೆತ್ತಿ."

ವರ್ತಕನ ಮುಖ ಬಿಳಿಚಿಕೊಂಡಿತು. "ಉಂಡ ಮನೆಗೆ ಎರಡು ಬಗೆಯುತ್ತೀಯಾ? ನಡೆ ಆಚೆ! ಇನ್ನು ಈ ಊರಲ್ಲಿ ನಿನಗೆ ಯಾರು ಕೆಲಸ ಕೊಡುತ್ತಾರೋ ನೋಡುತ್ತೇನೆ!"

"ನೋಡಿ. ನಾನು ಉಂಡದ್ದು ನಿಮ್ಮ ಮನೆಯದಲ್ಲ, ನನ್ನ ರಟ್ಟೆಯದು" ಎಂದು ಅವಳು ಕುಡುಗೋಲು ತೆಗೆದು ಎಲ್ಲರೆದುರು ಹಗ್ಗ ಸೀಳಿದಳು. ಒಳಗಿನ ನಾರು ಪುಡಿಪುಡಿಯಾಗಿ ಉದುರಿತು. ನಾಲ್ವರೂ ಹಗ್ಗವನ್ನು ಅಲ್ಲೇ ಬಿಟ್ಟು ತಮ್ಮ ಊರ ದಾರಿ ಹಿಡಿದರು. ಅವಳೂ ಸೆರಗು ಬಿಗಿದುಕೊಂಡು ಹೊರಟಳು. ಹಿಂತಿರುಗಿ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ, "ಆಮೇಲೆ ಅವಳಿಗೆ ಬೇರೆ ಕೆಲಸ ಸಿಕ್ಕಿತೇ, ಗುರುಗಳೇ?" ಎಂದ.

"ಕೆಲಸ ಕಳೆದುಕೊಂಡ ಒಬ್ಬಳ ಬಗ್ಗೆ ಕೇಳಿದೆ, ಜೀವ ಉಳಿದು ಮನೆಗೆ ಹೋದ ನಾಲ್ವರ ಬಗ್ಗೆ ಕೇಳಲೇ ಇಲ್ಲವಲ್ಲ, ತಮ್ಮಾ" ಎಂದರು ಗುರುಗಳು.